ಬೆಳಕಿರುವಾಗಲೇ ಮನೆಗೆ ಬಂದವನು

ಮಾರ್ಗಶಿರದ ಚಳಿ ಬಿದ್ದು ಅವರೆಕಾಯಿಗೆ ಸೊಗಡು ಏರಿತ್ತು. ಕಗ್ಗದಾಸಪುರದ ಹಳೇ ಊರಬೀದಿಯಲ್ಲಿ ಮಾರಕ್ಕನ ಜಗಲಿಯ ಮೇಲೆ ಬೆಳಗಿನಿಂದ ಕಾಯಿ ಸುಲಿಯುವ ಕೆಲಸ ನಡೆದಿತ್ತು. ಅವರೆ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಐದು ಮಹಡಿಯ ಪಿಜಿ ನಿಂತಿದೆ; ಕಾಯಿ ಹೊಸಕೋಟೆ ಕಡೆಯಿಂದ ಮೂಟೆಯಲ್ಲಿ ಬರುತ್ತದೆ. ಆದರೂ ಸುಲಿಯುವ ಕೈಗಳು ಅವೇ, ಜಗಲಿ ಅದೇ, ಸಿಪ್ಪೆಯ ಜೊತೆಗೆ ಉದುರುವ ಮಾತೂ ಅದೇ.

"ಅಲ್ಲ ಮಾರಕ್ಕ, ಸ್ವಂತ ಮನೆ ಇಟ್ಕೊಂಡು ನಿನ್ ಮಗ ಹಲಸೂರಲ್ಲಿ ಬಾಡಿಗೆಗೆ ವೋಯ್ತಾನಂತೆ. ಏನ್ ಬಂದದೆ ಅವನಿಗೆ?" ಎಂದು ಪಕ್ಕದ ಮನೆಯವಳು ಕೇಳಿದಳು.

"ಆಫೀಸು ಹತ್ರ ಆಯ್ತದಂತೆ ಕಣವ್ವ. ಟೈಮು ಉಳೀತದಂತೆ."

"ಉಳಿಸ್ಕೊಂಡು ಏನ್ಮಾಡ್ತಾನಂತೆ?"

ಮಾರಕ್ಕನಿಗೆ ಅದು ಗೊತ್ತಿರಲಿಲ್ಲ. ಮಗನೂ ಹೇಳಿರಲಿಲ್ಲ. ಅವಳು ಒಂದು ಹಿಡಿ ಕಾಯಿಯನ್ನು ಮಡಿಲಿಗೆ ಎಳೆದುಕೊಂಡಳು.

ಮಗ ಕೆಂಪರಾಜ್ ಶಿವಾಜಿನಗರದಾಚೆ ಸೇಂಟ್ ಜಾನ್ಸ್ ರಸ್ತೆಯಲ್ಲಿ ತೂಕದ ಯಂತ್ರ ಮಾರುವ ಅಂಗಡಿಯೊಂದಕ್ಕೆ ಮ್ಯಾನೇಜರು. ಬಂಗಾರ ತೂಗುವ ಪುಟ್ಟ ತಕ್ಕಡಿಯಿಂದ ಹಿಡಿದು ಹಸು ನಿಲ್ಲಿಸಿ ತೂಗುವ ಹಲಗೆಯವರೆಗೆ ಎಲ್ಲವೂ ಅವನ ಕೈ ಮೇಲೆ ಹೋಗಬೇಕು. ಹಾಗಾಗಿ ಏನನ್ನಾದರೂ ತೂಗದೆ ತೀರ್ಮಾನಿಸಬಾರದು ಎಂಬ ಶಿಸ್ತು ಅವನಿಗೆ ಮೈಗೂಡಿತ್ತು. ಹಲಸೂರಿಗೆ ಹೋಗುವುದನ್ನೂ ಅವನು ಮೂರು ವರ್ಷ ತೂಗಿದ.

ಒಂದು ತಟ್ಟೆಯಲ್ಲಿ ದಾರಿ. ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ ಬೆಳಗ್ಗೆ ನಿಂತರೆ ಪೇಪರಿನ ಕ್ರೀಡಾಪುಟ ಮುಗಿಯುತ್ತಿತ್ತು. ಹಳೇ ಮದ್ರಾಸು ರಸ್ತೆಗೆ ಸೇರುವಾಗ ಮುಖಪುಟವೂ ಮುಗಿದು ಮದುವೆ ಜಾಹೀರಾತಿಗೆ ಬರುತ್ತಿದ್ದ. ಸಂಜೆ ಮನೆ ಸೇರುವಾಗ ಎಂಟೂವರೆ. ಒಂದು ಭಾನುವಾರ ಅಂಗಳದಲ್ಲಿ ನಿಂತು, "ಈ ಗೋಡೆಗೆ ಹಸಿರು ಬಣ್ಣ ಯಾವಾಗ ಹೊಡೆಸಿದ್ದು?" ಎಂದು ಹೆಂಡತಿ ಸುಕನ್ಯಳನ್ನು ಕೇಳಿದ್ದ. "ಹೋದ ಯುಗಾದೀಲಿ" ಎಂದಿದ್ದಳು ಅವಳು.

ಇನ್ನೊಂದು ತಟ್ಟೆಯಲ್ಲಿ ನೆರೆಹೊರೆ. ಅದರ ಮೇಲೆ ಖುದ್ದಾಗಿ ಮುನಿವೆಂಕಟಪ್ಪನವರೇ ಹತ್ತಿ ಕೂತಿದ್ದರು. ಅವರು ಮಾರಕ್ಕನ ತಮ್ಮ, ಸುಕನ್ಯಳ ಅಪ್ಪ, ಪಿಜಿಯ ಮಾಲೀಕರು. ಅಂದರೆ ಕೆಂಪರಾಜನಿಗೆ ಸೋದರಮಾವನೂ ಅವರೇ, ಹೆಣ್ಣು ಕೊಟ್ಟ ಮಾವನೂ ಅವರೇ. ಎರಡು ಕಡೆಯಿಂದಲೂ ಬೈಯುವ ಹಕ್ಕು ಅವರಿಗಿತ್ತು.

"ನಾಕ್ ಮನೆ ದಾಟಿದ್ರೆ ನಾನಿದೀನಿ. ಮೊಸರು ಬೇಕಾದ್ರೆ ಗೋಡೆ ಮೇಲಿಂದ ಕೇಳ್ಬೋದು. ಅಲ್ಲಿ ಯಾರವ್ರೆ ನಿಂಗೆ? ರಾತ್ರಿ ಹೊಟ್ಟೆನೋವು ಬಂದ್ರೆ ನೀನು ಉಳಿಸಿದ ಟೈಮು ಎದ್ದು ಬಂದು ಕಷಾಯ ಕಾಯ್ಸುತ್ತೇನ್ಲಾ?"

ಆದರೆ ಸುಕನ್ಯ ಅಡುಗೆಮನೆಯಿಂದ ಹೇಳಿದಳು: "ಮದುವೆ ಆಗಿ ಹನ್ನೊಂದು ವರ್ಷ ಆಯ್ತು ಅಪ್ಪ. ಕೆಲಸದ ದಿನ ಇವರ ಜೊತೆ ಸಂಜೆ ಒಂದ್ಸಲಾನೂ ಕಾಫಿ ಕುಡಿದಿಲ್ಲ ನಾನು."

ಮುನಿವೆಂಕಟಪ್ಪನವರು ಮಗಳ ಮಾತಿಗೆ ತಲೆ ಕೆರೆದುಕೊಂಡು, ಒಂದು ಷರತ್ತಿನ ಮೇಲೆ ಒಪ್ಪಿದರು. "ವೋಗಿ. ಅಲ್ಲಿ ಸಾಸಿವೆಕಾಳಷ್ಟು ತೊಂದರೆ ಆಯ್ತು ಅಂತ ನನ್ನ ಕಿವಿಗೆ ಬಿದ್ರೆ, ಅದೇ ಭಾನುವಾರ ಟೆಂಪೋ ತಂದು ಸಾಮಾನು ಹೇರ್ಕೊಂಡು ವಾಪಸ್ ಕರ್ಕೊಂಡ್ ಬತ್ತೀನಿ. ಆವಾಗ ತುಟಿ ಪಿಟಕ್ ಅನ್ನಂಗಿಲ್ಲ."

ಮನೆ ಹಲಸೂರು ಕೆರೆಯ ಹತ್ತಿರದ ಓಣಿಯಲ್ಲಿತ್ತು. ಕೆಳಗೆ ಮಾಲೀಕ ಚಿನ್ನಪ್ಪ, ಅವರ ಹೆಂಡತಿ ಮಂಜುಳಮ್ಮ, ಮಗ ಸುಗತ. ಮೇಲೆ ಎರಡು ಕೋಣೆ, ಒಂದು ತುಂಡು ತಾರಸಿ. ತಾರಸಿಯ ಮೂಲೆಯಲ್ಲಿ ನಿಂತು ಕತ್ತು ಚಾಚಿದರೆ ಎರಡು ಕಟ್ಟಡಗಳ ನಡುವೆ ಸೀರೆಯ ಅಂಚಿನಷ್ಟು ಕೆರೆ ಕಾಣುತ್ತಿತ್ತು. ಅಂಗಡಿಗೆ ನಡೆದರೆ ಕಾಲು ಗಂಟೆ.

ಅಂಗಡಿಯ ಬಾಗಿಲು ಐದಕ್ಕೇ ಬೀಳುತ್ತಿತ್ತು. ಸಂಜೆಯ ನಮಾಜಿಗೆ ಮೊದಲು ಮನೆ ಸೇರಬೇಕು ಎನ್ನುವುದು ಮಾಲೀಕ ಅಹ್ಮದ್ ಪಾಷಾ ಅವರ ಅಪ್ಪನ ಕಾಲದಿಂದ ಬಂದ ಪದ್ಧತಿ. ಮನೆ ಬದಲಿಸಿದ ಮೊದಲ ಸೋಮವಾರ ಐದೂಕಾಲಿಗೆ ಕೆಂಪರಾಜ್ ಇಸ್ತ್ರಿ ಮುರಿಯದ ಅಂಗಿಯಲ್ಲಿ ಗೇಟು ತೆರೆದು ಒಳಗೆ ಬಂದ. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಮಂಜುಳಮ್ಮ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು.

"ಏನ್ ಸಾರ್, ಇಷ್ಟು ಬೇಗ? ತಲೆನೋವಾ?"

"ಇಲ್ಲಮ್ಮ. ಆಫೀಸು ಮುಗೀತು."

ಮಂಗಳವಾರವೂ ಅದೇ ಹೊತ್ತು, ಅದೇ ಬಿಸಿಲು. "ಇವತ್ತೂ ಮುಗೀತಾ ಸಾರ್?" "ಮುಗೀತಮ್ಮ." ಬುಧವಾರ ಅವರು ಅಕ್ಕಿಯ ಮೊರವನ್ನು ಕೆಳಗಿಟ್ಟು ಒಳಗೆ ಹೋಗಿ ಗಂಡನನ್ನು ಕರೆದರು.

ಮಂಜುಳಮ್ಮನವರನ್ನು ದೂರಬೇಕಾಗಿಲ್ಲ. ಆ ಓಣಿಯಲ್ಲಿ ಕೆಲಸ ಎಂದರೆ ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವುದು. ಅವರ ಮಗ ಸುಗತ ದೊಡ್ಡನೆಕ್ಕುಂದಿಯ ಕಂಪನಿಗೆ ಏಳಕ್ಕೆ ಹೊರಟು, ರಾತ್ರಿ ಒಂಬತ್ತಕ್ಕೆ ಹಿಂಡಿದ ಬಟ್ಟೆಯಂತೆ ಬಂದು ಬೀಳುತ್ತಿದ್ದ. ಎದುರುಮನೆಯವನು ಬಂದದ್ದನ್ನು ಯಾರೂ ಕಂಡೇ ಇರಲಿಲ್ಲ. ಬೆಳಗ್ಗೆ ಸ್ಕೂಟರು ಇರುವುದರಿಂದ ಬಂದಿರಬೇಕು ಎಂದು ತಿಳಿಯುತ್ತಿದ್ದರು. ಅಂಥ ಓಣಿಯಲ್ಲಿ ಒಬ್ಬ ಮನುಷ್ಯ ಒಂಬತ್ತರವರೆಗೆ ಪೇಪರ್ ಓದಿ, ಎರಡನೇ ಕಾಫಿ ಕುಡಿದು, ಕೈ ಬೀಸಿಕೊಂಡು ಹೋಗಿ, ಹಗಲು ಇರುವಾಗಲೇ ವಾಪಸ್ ಬಂದರೆ ಏನೆಂದುಕೊಳ್ಳಬೇಕು?

ಗುರುವಾರ ಚಿನ್ನಪ್ಪ ತಾರಸಿಗೆ ಬಂದರು. ಕಾರ್ಖಾನೆಯಲ್ಲಿ ಯೂನಿಯನ್ ನೋಡಿಕೊಂಡು ನಿವೃತ್ತರಾದವರು. ಮಾತನ್ನು ಮೊಳೆಯ ಹಾಗೆ ಒಂದೊಂದಾಗಿ ಹೊಡೆಯುವವರು.

"ಸಾರ್, ಮನುಷ್ಯ ಅಂದ್ಮೇಲೆ ಏರಬೇಕು, ಇಳೀಬೇಕು."

ಕೆಂಪರಾಜ್ ಮೆಟ್ಟಿಲ ಕಡೆ ನೋಡಿ, "ಹೌದು ಸಾರ್, ಸ್ವಲ್ಪ ಕಡಿದು. ಅಭ್ಯಾಸ ಆಗುತ್ತೆ" ಎಂದ.

ಅವನ ಧೈರ್ಯ ನೋಡಿ ಚಿನ್ನಪ್ಪ ಇನ್ನಷ್ಟು ಹತ್ತಿರ ಬಂದರು. "ದಿನಾ ಹೋಗ್ತಾ ಇರೋದು ಎಲ್ಲಿಗೆ?"

"ಇಲ್ಲೇ ಸೇಂಟ್ ಜಾನ್ಸ್ ರೋಡು. ನಡ್ಕೊಂಡೇ ಹೋಗ್ತೀನಿ, ನಡ್ಕೊಂಡೇ ಬರ್ತೀನಿ."

"ನಡ್ಕೊಂಡಾ!" ಚಿನ್ನಪ್ಪ ಅವನ ಭುಜ ಹಿಡಿದರು. "ನಮ್ಮ ಸುಗತಂದು ಹಳೇ ಸ್ಕೂಟ್ರು ಸುಮ್ನೆ ನಿಂತಿದೆ, ತಗೊಂಡ್ ಹೋಗಿ. ಇನ್ನೊಂದು ಮಾತು. ಬಾಡಿಗೆ ಅರ್ಜೆಂಟಿಲ್ಲ. ಸಂಕ್ರಾಂತಿ ಕಳೀಲಿ, ನಿಧಾನಕ್ಕೆ ಕೊಡಿ."

ಕೆಂಪರಾಜ್ ಕುಣಿಯುತ್ತ ಒಳಗೆ ಹೋದ. "ಎಂಥ ಜನ ನೋಡೇ ಸುಕನ್ಯಾ! ಸ್ಕೂಟರ್ ಕೊಡ್ತಾರೆ, ಬಾಡಿಗೆ ಬೇಡ ಅಂತಾರೆ. ನಿಮ್ಮಪ್ಪ ಅಲ್ಲಿ ಯಾರವ್ರೆ ಅಂತ ಕೇಳಿದ್ರಲ್ಲ!"

ಸುಕನ್ಯ ಕಾಫಿ ಸೋಸುವುದನ್ನು ನಿಲ್ಲಿಸಿದಳು. "ಬಾಡಿಗೆ ಬೇಡ ಅನ್ನೋ ಮಾಲೀಕ ಬೆಂಗಳೂರಲ್ಲಿ ಎಲ್ಲಾದ್ರೂ ಇದಾನೇನ್ರೀ? ಏನೋ ಐತೆ."

"ಏನೂ ಇಲ್ಲ, ಒಳ್ಳೇತನ ಕಣೇ" ಎಂದು ಅವನು ಲೋಟ ಹಿಡಿದು ತಾರಸಿಗೆ ನಡೆದ. ಇಬ್ಬರೂ ಗೋಡೆಗೊರಗಿ ಕಾಫಿ ಕುಡಿದರು. ಸೂರ್ಯ ಮುಳುಗಿದ. ಹನ್ನೊಂದು ವರ್ಷದಲ್ಲಿ ಆ ದೃಶ್ಯವನ್ನು ಅವರು ಒಟ್ಟಿಗೆ ನೋಡುತ್ತಿದ್ದುದು ಅದು ನಾಲ್ಕನೇ ಸಲ. ನಾಲ್ಕೂ ಆ ವಾರದ್ದೇ.

ಶನಿವಾರ ಸಂಜೆ ಐದರ ಹೊತ್ತಿಗೆ ಮಾರಕ್ಕ ಹಿತಕಿದ ಅವರೆಬೇಳೆಯ ಡಬ್ಬಿ ಹಿಡಿದು ಮಗನ ಮನೆ ನೋಡಲು ಬಂದಳು. ಸುಕನ್ಯ ಬೇಳೆಸಾರಿಗೆ ಮಸಾಲೆ ರುಬ್ಬಲು ಒಳಗೆ ಹೋದಾಗ ಮಂಜುಳಮ್ಮ ಮೆಲ್ಲಗೆ ಬಂದು ಮಾರಕ್ಕನ ಕೈ ಹಿಡಿದುಕೊಂಡರು.

"ಧೈರ್ಯವಾಗಿರಿ ಅಮ್ಮ. ನಿಮ್ಮ ಮಗ ಬಂಗಾರದಂಥವರು. ಒಂದಿನಾನೂ ಮುಖ ಸಣ್ಣ ಮಾಡ್ಕೊಂಡಿದ್ದು ನೋಡ್ಲಿಲ್ಲ."

"ಯಾಕವ್ವ, ಏನಾಯ್ತು?"

"ನಾನ್ ಹೇಳ್ಬಾರ್ದು. ಅವರೇ ಹೇಳ್ಲಿ."

ಅದೇ ಹೊತ್ತಿಗೆ ಗೇಟು ಕಿರ್ರೆಂದಿತು. ಕೆಂಪರಾಜ್ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು, ಏನೋ ಗುನುಗುತ್ತ ಒಳಗೆ ಬಂದ. ಮಾರಕ್ಕ ಆಕಾಶ ನೋಡಿದಳು. ಬಿಸಿಲಿತ್ತು.

"ಏನ್ಲಾ ಕೆಂಪ, ಇಷ್ಟೊತ್ಗೇ?"

"ದಿನಾ ಇಷ್ಟೊತ್ತಿಗೇನೇ ಅವ್ವ!"

"ದಿನಾನೂವಾ? ಮತ್ತೆ ಬಸ್ಸು?"

"ಬಸ್ಸಿಗ್ಯಾಕೆ ದುಡ್ಡು ಹಾಕ್ಲಿ? ಹಾಯಾಗಿ ನಡ್ಕೊಂಡ್ ಬರ್ತೀನಿ. ಬಜ್ಜಿ ತಿನ್ನು."

ಮಾರಕ್ಕ ಬಜ್ಜಿ ಮುಟ್ಟಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಮೊಣಕಾಲು ನೋವು ಎಂದು ನೆಪ ಹೇಳಿ, ಬೇಳೆಸಾರು ಕುದಿಯುವ ಮೊದಲೇ ಆಟೋ ಹತ್ತಿದಳು.

ಇಲ್ಲಿ ಕಗ್ಗದಾಸಪುರದ ಊರಬೀದಿಯ ಒಂದು ಕಟ್ಟಳೆಯನ್ನು ಹೇಳಬೇಕು. ಯಾರ ಮನೆಯಲ್ಲಾದರೂ ದುಡಿಮೆ ನಿಂತರೆ ನೆಂಟರು ಧಾನ್ಯ ಹೊತ್ತುಕೊಂಡು ಹೋಗುತ್ತಾರೆ. ಯಾಕೆ ಎಂದು ಹೇಳುವಂತಿಲ್ಲ. ಹೇಳಿದರೆ ಬಿದ್ದವನನ್ನು ತುಳಿದಂತೆ. ಹೊಸ ರಾಗಿ ಬಂತು, ರುಚಿ ನೋಡಲಿ ಎಂದು ತಂದೆವು ಎನ್ನಬೇಕು. ಪಡೆದವನೂ ಸುಮ್ಮನೆ ಒಳಗಿಡಬೇಕು. ಮುಂದೆ ಕೊಟ್ಟವನ ಮನೆಗೆ ಅಂಥ ಕಾಲ ಬಂದಾಗ ಇವನು ಹೊತ್ತುಕೊಂಡು ಹೋಗಬೇಕು. ಇದೊಂದು ಮುಯ್ಯಿ. ಬಾಯಿಲ್ಲದ ಈ ಕಟ್ಟಳೆಯಿಂದ ಎಷ್ಟೋ ಮನೆಗಳ ಮಾನ ಉಳಿದಿದೆ. ಕೆಂಪರಾಜನ ಮನೆಗೆ ಮಾತ್ರ ಅದು ಬೇರೆ ರೀತಿಯಲ್ಲಿ ಬಂತು.

ಭಾನುವಾರ ಬೆಳಗ್ಗೆ ಮುನಿವೆಂಕಟಪ್ಪನವರು ಬಂದರು. ಹಿಂದೆ ಆಳೊಬ್ಬನ ಹೆಗಲ ಮೇಲೆ ಒಂದು ಮೂಟೆ ರಾಗಿ.

"ಏನಿಲ್ಲ ಕಣ್ಲಾ. ಹೊಸ ರಾಗಿ. ರುಚಿ ನೋಡ್ಲಿ ಅಂತ."

ಹೊಸ ಮನೆಗೆ ಮಾವ ಉಡುಗೊರೆ ತಂದರೆಂದು ಕೆಂಪರಾಜ್ ಹಿಗ್ಗಿದ. "ಮೂಟೇನೇ ತಂದ್ರಾ! ಇಡಿ ಇಡಿ, ಎಷ್ಟಿದ್ರೂ ಬೇಕು ಮಾವ."

ಮುನಿವೆಂಕಟಪ್ಪನವರು ಮಗಳ ಮುಖ ನೋಡಿದರು. ಪರಿಸ್ಥಿತಿ ಇಷ್ಟು ಕೆಟ್ಟಿದೆ ಎಂದು ಅವರು ಎಣಿಸಿರಲಿಲ್ಲ.

"ಮನಸ್ಸು ಹೆಂಗೈತೆ?"

"ಹಗುರ ಆಗ್ಬಿಟ್ಟಿದೆ ಮಾವ! ತಲೆ ಮೇಲಿಂದ ಬಂಡೆ ಇಳಿದಂಗೆ. ಇಷ್ಟು ವರ್ಷ ಯಾಕೆ ಹಂಗೆ ಒದ್ದಾಡಿದೆ ಅನ್ಸುತ್ತೆ. ಸಂಜೆ ಕಾಫಿ ಕುಡಿದು ಕೆರೆ ನೋಡ್ಕೊಂಡ್ ಕೂತಿರ್ತೀವಿ."

ಕೆರೆ ಎಂದ ಕೂಡಲೇ ಮುನಿವೆಂಕಟಪ್ಪನವರು ಕಟ್ಟಳೆಯನ್ನು ಮುರಿದರು.

"ಕೆರೆ ಗಿರೆ ಕಡೆ ನೋಡ್ಬ್ಯಾಡ ಕಣ್ಲಾ! ಕೆಲಸ ವೋದ್ರೆ ಪ್ರಾಣ ವೋದಂಗಾ? ನಾನಿಲ್ವಾ? ಪಿಜಿ ಮೂರನೇ ಮಹಡಿ ಲೆಕ್ಕ ನೋಡ್ಕೊ. ಬರೋ ಭಾನುವಾರ ಟೆಂಪೋ ತತ್ತೀನಿ. ಊರಿಗೆ ನಡೀರಿ."

"ಯಾರ ಕೆಲಸ?" ಎಂದ ಕೆಂಪರಾಜ್.

ಆಮೇಲಿನ ಅರ್ಧ ಗಂಟೆ ಅವನು ಹೇಳಿದ್ದೆಲ್ಲ ವ್ಯರ್ಥ. ಕೆಲಸ ಹೋಗಿಲ್ಲ ಎಂದ. "ಮೊದಮೊದಲು ಎಲ್ಲಾರೂ ಹಂಗೇ ಅಂತಾರೆ" ಎಂದರು ಮಾವ. ಸುಕನ್ಯ ಆಣೆ ಇಟ್ಟಳು. "ಗಂಡನ ಮಾನ ಕಾಯ್ಲಿ ಅಂತ್ಲೇ ನಿನ್ನ ಬೆಳೆಸಿರೋದು, ಶಾಭಾಸ್" ಎಂದರು ಅಪ್ಪ. ಕೊನೆಗೆ ಕೆಂಪರಾಜ್ ರೇಗಿ, "ಬನ್ನಿ, ಅಂಗಡೀನೇ ತೋರಿಸ್ತೀನಿ" ಎಂದು ಫೋನನ್ನೂ ತೆಗೆದುಕೊಳ್ಳದೆ ಹೊರಟ. ವಿಷಯ ತಿಳಿಯಬೇಕೆಂದು ಚಿನ್ನಪ್ಪನೂ ಜೊತೆಗೆ ಬಂದರು.

ಭಾನುವಾರ ಅಂಗಡಿಗೆ ರಜೆ. ಷಟರ್ ಎಳೆದಿತ್ತು. ಷಟರಿನ ಪಕ್ಕದಲ್ಲಿ ಮೇಲಿನ ಮಹಡಿಯವರು 'ಬಾಡಿಗೆಗೆ ಇದೆ' ಎಂದು ಹಲಗೆ ತೂಗುಹಾಕಿದ್ದರು.

ಮೂವರೂ ಆ ಹಲಗೆಯನ್ನು ಓದಿದರು. ಚಿನ್ನಪ್ಪ ಟೋಪಿ ತೆಗೆದರು.

"ಅಂಗಡೀನೇ ವೋಯ್ತಾ!" ಎಂದರು ಮುನಿವೆಂಕಟಪ್ಪ.

"ಅದು ಮೇಲ್ಗಡೇದು ಮಾವ! ಅಂಗಡಿ ಬೋರ್ಡ್ ಮೇಲೆ ನಂಬರಿದೆ, ನಮ್ಮ ಸಾಹೇಬ್ರಿಗೆ ಫೋನ್ ಮಾಡಿ ಕೇಳಿ."

ಮುನಿವೆಂಕಟಪ್ಪನವರು ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡು, ತಮ್ಮ ಪಿಜಿ ಹುಡುಗರನ್ನು ಗದರಿಸುವ ದನಿಯಲ್ಲಿ ಕೇಳಿದರು: "ಹಲೋ, ಕೆಂಪರಾಜ್ ಅಂತ ನಿಮ್ಮಲ್ಲಿ ಕೆಲಸ ಮಾಡ್ತಾನಾ ಇಲ್ವಾ? ಸರಿಯಾಗಿ ಹೇಳಿ."

ಆ ಕಡೆ ಇದ್ದವರು ಅಹ್ಮದ್ ಪಾಷಾ. ಭಾನುವಾರ, ಗೊತ್ತಿಲ್ಲದ ನಂಬರು, ಗದರುವ ದನಿ. ಇದು ಸಾಲ ವಸೂಲಿಯವರದೇ ಎಂದು ನಲವತ್ತು ವರ್ಷದ ವ್ಯಾಪಾರ ಅವರಿಗೆ ಹೇಳಿತು. ತಮ್ಮ ಮನುಷ್ಯನನ್ನು ಬಿಟ್ಟುಕೊಡುವವರಲ್ಲ ಅವರು.

"ಯಾವ ಕೆಂಪರಾಜ್ ಸಾಬ್? ಆ ಹೆಸ್ರಿನೋರು ನಮ್ಮಲ್ಲಿ ಯಾರೂ ಇಲ್ಲ."

"ಸಾಬ್! ನಾನೇ! ಇಲ್ಲೇ ಇದೀನಿ!" ಎಂದು ಕೆಂಪರಾಜ್ ಫೋನಿನತ್ತ ಬಾಯಿ ಹಾಕಿ ಕೂಗಿದ.

"ಯಾ ಅಲ್ಲಾ, ಹಿಡ್ಕೊಂಡ್‌ಬಿಟ್ಟಿದಾರೆ!" ಎಂಬ ಉದ್ಗಾರ ಕೇಳಿಸಿತು. ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಮೂವರೂ ವಾಪಸ್ ಬಂದರು. ಗೇಟಿನ ಬಳಿ ಮುನಿವೆಂಕಟಪ್ಪನವರು ಚಿನ್ನಪ್ಪನವರ ನಂಬರು ಬರೆದುಕೊಂಡು ಗುಟ್ಟಾಗಿ ಹೇಳಿದರು: "ಭಾನುವಾರದ ತನಕ ಒಂದು ಕಣ್ಣಿಟ್ಟಿರಿ ಸ್ವಾಮಿ. ತಾರಸಿ ಗೋಡೆ ಬೇರೆ ಗಿಡ್ಡ."

ಸೋಮವಾರ ಪಾಷಾ ಸಾಹೇಬರು ಕೆಂಪರಾಜನ ಬೆನ್ನು ತಟ್ಟಿ, "ಡರೋ ನಕ್ಕೋ, ಹೆದರ್ಬೇಡ. ಸಾಲ ಎಲ್ರಿಗೂ ಇರುತ್ತೆ. ನಾನಿರೋವರೆಗೂ ನಿನ್ನ ಯಾರೂ ಮುಟ್ಟಲ್ಲ" ಎಂದರು. ಸಾಲವಲ್ಲ, ಮಾವ ಎಂದು ಅವನು ಹೇಳಿದ. "ಮಾವನ ಹತ್ರಾನೂ ಮಾಡಿದ್ಯಾ?" ಎಂದು ಅವರು ನೊಂದುಕೊಂಡರು.

ಸತ್ಯ ಹೇಳಿ ಉಳಿಯುವ ದಾರಿ ಮುಚ್ಚಿತ್ತು. ಭಾನುವಾರ ಟೆಂಪೋ ಬಂದರೆ ಮನೆ ಹೋಯಿತು, ತಾರಸಿ ಹೋಯಿತು, ರೈಲ್ವೆ ಗೇಟು ವಾಪಸ್ ಬಂತು. ಅಂದು ಐದು ಗಂಟೆಗೆ ಅಂಗಡಿಯಿಂದ ಹೊರಬಿದ್ದ ಕೆಂಪರಾಜ್ ಮನೆಯ ಕಡೆ ತಿರುಗಲಿಲ್ಲ. ಕರವಸ್ತ್ರವನ್ನು ತಲೆಗೆ ಕಟ್ಟಿಕೊಂಡು, ತನ್ನ ಓಣಿಯ ತುದಿಯನ್ನು ಕೋಳಿಕಳ್ಳನಂತೆ ದಾಟಿ, ಹಲಸೂರು ಮೆಟ್ರೋ ನಿಲ್ದಾಣ ಹತ್ತಿದ. ಇಂದಿರಾನಗರ ದಾಟಿ, ಬೈಯಪ್ಪನಹಳ್ಳಿ ದಾಟಿ, ಜನರ ಮೊಣಕೈಗಳ ನಡುವೆ ಒತ್ತಿಸಿಕೊಂಡು ಕೆ.ಆರ್.ಪುರ ತಲುಪಿದ. ಇಳಿದ. ಹೊರಗೆ ನಿಂತು ಏಳೂವರೆಯವರೆಗೆ ಒಂದು ಪೊಟ್ಟಣ ಕಡಲೆಕಾಯಿ ತಿಂದ. ಸಾಲಿನಲ್ಲಿ ನಿಂತು ಮತ್ತೆ ಹತ್ತಿದ. ಎಂಟೂವರೆಗೆ ಅಂಗಿಯ ಒಂದು ಗುಂಡಿ ಕಳೆದುಕೊಂಡು, ಬೇರೆಯವರ ಬೆವರಿನಲ್ಲಿ ನೆನೆದು, ಕಾಲೆಳೆಯುತ್ತ ಗೇಟು ತೆರೆದ.

ಮಂಜುಳಮ್ಮ ಬಾಗಿಲಲ್ಲೇ ಕಾದಿದ್ದರು. ಅವನ ಅವತಾರ ನೋಡಿ ಅವರ ಮುಖ ಅರಳಿತು.

"ಕೆಲಸ ಸಿಕ್ತಾ ಸಾರ್!"

ಕೆಂಪರಾಜ್ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. "ಸುಸ್ತು" ಎಂದ. ಅಷ್ಟು ಸಾಕಾಯಿತು. ಚಿನ್ನಪ್ಪ ಬಂದು ಕೈ ಕುಲುಕಿದರು. ಸುಗತ, ಇಷ್ಟು ದಿನ ಅವನನ್ನು ನೋಡಿ ಮುಖ ತಿರುಗಿಸುತ್ತಿದ್ದ ಹುಡುಗ, ಸರೀಕನಂತೆ ನಕ್ಕು, "ಟಿನ್ ಫ್ಯಾಕ್ಟರಿ ಹತ್ರ ಜಾಮಾ ಅಣ್ಣ?" ಎಂದು ಕೇಳಿದ. ಅವತ್ತಿನಿಂದ ಓಣಿಯಲ್ಲಿ ಕೆಂಪರಾಜನ ತೂಕ ಏರಿತು. ಬುಧವಾರ ಕೆ.ಆರ್.ಪುರದಲ್ಲಿ ಮೆಟ್ರೋ ಸಿಗದೆ ಒಂಬತ್ತು ಗಂಟೆಯಾದಾಗ, "ಪ್ರಮೋಷನ್ ಇರಬೇಕು" ಎಂದು ಎದುರುಮನೆಯಲ್ಲಿ ಮಾತಾಯಿತು.

ಚಿನ್ನಪ್ಪ ಕಗ್ಗದಾಸಪುರಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಿ ಮಾತಾಡಿದ್ದು ಸುಕನ್ಯಳಿಗೆ ಮೇಲೆ ಕೇಳಿಸಿತು. "ಯಾವಾಗ ಬತ್ತಾನೆ?" ಎಂದು ಅಪ್ಪನ ದನಿ. "ಎಂಟೂವರೆ, ಒಂಬತ್ತು. ಮಾತಾಡೋಕೂ ತ್ರಾಣ ಇರಲ್ಲ." "ಹಂಗಾದ್ರೆ ಒಳ್ಳೇ ಕಂಪನೀನೇ ಬುಡಿ!"

ಸುಕನ್ಯ ಆ ರಾತ್ರಿ ಗಂಡನ ಮುಂದೆ ಮುದ್ದೆ ಇಟ್ಟು, ಕೈಕಟ್ಟಿ ಕೂತಳು.

"ಕಗ್ಗದಾಸಪುರದಲ್ಲಿದ್ದಾಗ್ಲೂ ಎಂಟೂವರೆಗೇ ಬರ್ತಿದ್ರಿ. ಆವಾಗ ಬಾಡಿಗೆನಾದ್ರೂ ಉಳೀತಿತ್ತು."

"ಟೆಂಪೋ ತಪ್ಲಿ ಅಂತ ಕಣೇ."

"ಒಂದೇ ಒಂದು ವಾರ ಸಂಜೆ ಕಾಫಿ ಕುಡಿದೆವು. ಅದಕ್ಕೇನಾ ಊರು ಬಿಟ್ಟಿದ್ದು? ಈ ಮನೇಲಿ ನಾನೊಬ್ಳೇ ಕೆರೆ ನೋಡ್ಕೊಂಡು ಇರೋದಾದ್ರೆ ಟೆಂಪೋ ಬಂದ್ಬಿಡ್ಲಿ. ಅಲ್ಲಾದ್ರೆ ಮಾತಿಗೆ ಜನ ಇರ್ತಾರೆ."

ಕೆಂಪರಾಜ್ ಮುದ್ದೆಯನ್ನು ಸಾರಿನಲ್ಲಿ ಅದ್ದಿದ, ಮತ್ತೆ ಅದ್ದಿದ, ನುಂಗುವುದನ್ನು ಮರೆತ.

ಗುರುವಾರ ಮುನಿವೆಂಕಟಪ್ಪನವರಿಗೆ ಒಂದು ಯೋಚನೆ ಹೊಳೆಯಿತು. ಅಳಿಯನಿಗೆ ಕೆಲಸವೇನೋ ಸಿಕ್ಕಿತು. ಆದರೆ ಹೊರಗೆ ಹಾಕಿದವನಿಗೆ ನಾಲ್ಕು ಮಾತು ಆಡದೆ ಬಿಟ್ಟರೆ ವಂಶಕ್ಕೆ ಶೋಭೆಯೇ? ಇಸ್ತ್ರಿ ಮಾಡಿದ ಪಂಚೆ ಉಟ್ಟು, ಜರತಾರಿ ಶಲ್ಯ ಹೊದ್ದು, ಒಂದು ಕಿಲೋ ಮೈಸೂರುಪಾಕು ಕಟ್ಟಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಕಾರು ಹತ್ತಿದರು. ಗೇಟು, ಸಿಗ್ನಲ್ಲು, ಅಗೆದ ರಸ್ತೆ ಎಲ್ಲ ದಾಟಿ ಸೇಂಟ್ ಜಾನ್ಸ್ ರಸ್ತೆಗೆ ಬರುವಾಗ ನಾಲ್ಕೂವರೆ ದಾಟಿತ್ತು. ಬಯ್ಯಲೆಂದು ಸಿದ್ಧಪಡಿಸಿಕೊಂಡಿದ್ದ ಮಾತುಗಳಲ್ಲಿ ಅರ್ಧ ದಾರಿಯಲ್ಲೇ ಖರ್ಚಾಗಿದ್ದವು.

"ಇಲ್ಲಿ ಯಜಮಾನ ಯಾರು?"

ಗಲ್ಲಾದಲ್ಲಿ ಕೂತಿದ್ದ ಪಾಷಾ ಸಾಹೇಬರಿಗೆ ಆ ದನಿ ಕೂಡಲೇ ಗುರುತು ಸಿಕ್ಕಿತು. ಹಿಂದಿನ ಗೋಡೌನಿನಲ್ಲಿ ಕೆಂಪರಾಜ್ ಹಸು ತೂಗುವ ಹಲಗೆಗೆ ತೂಕದ ಬಟ್ಟು ಇಟ್ಟು ಪರೀಕ್ಷೆ ಮಾಡುತ್ತಿದ್ದ. ಸಾಹೇಬರು ಕಾಲಿನಿಂದಲೇ ಗೋಡೌನಿನ ಬಾಗಿಲು ಮುಚ್ಚಿದರು.

"ಕೆಂಪರಾಜ್ ಇಲ್ಲಿಲ್ಲ. ನಿನ್ನೆನೂ ಇರ್ಲಿಲ್ಲ, ನಾಳೆನೂ ಇರಲ್ಲ."

"ಗೊತ್ತು ಕಣಯ್ಯ, ಅದಕ್ಕೇ ಬಂದಿರೋದು! ನಿನ್ನ ತಕ್ಕಡಿ ಬಿಟ್ರೆ ನಮ್ಮ ಅಳಿಯಂಗೆ ಗತಿ ಇಲ್ಲ ಅಂದ್ಕೊಂಡ್ಯಾ? ನಿಂಗಿಂತ ದೊಡ್ಡ ಕಡೆ ಸಿಕ್ಕೈತೆ. ರಾತ್ರಿ ಒಂಬತ್ ಗಂಟೆಗೆ ಮನೆಗೆ ಬತ್ತಾನೆ, ತಿಳ್ಕೊ! ತಗೊ, ಸ್ವೀಟು ತಿನ್ನು!"

ಮೈಸೂರುಪಾಕಿನ ಕಡೆ ಚಾಚಿದ ಪಾಷಾ ಅವರ ಕೈ ಅಲ್ಲೇ ನಿಂತಿತು.

"ಬೇರೆ ಕಡೆ? ದೊಡ್ಡ ಕಡೆ?" ಅವರು ನಿಧಾನವಾಗಿ ಎದ್ದು ಗೋಡೌನಿನ ಬಾಗಿಲು ತೆಗೆದರು. "ಕೆಂಪರಾಜ್! ಇಧರ್ ಆವ್! ಐದು ಗಂಟೆ ಆದ್ಮೇಲೆ ಇನ್ನೊಂದು ಕಡೆ ಕೆಲಸಕ್ಕೆ ಹೋಗ್ತೀಯಾ? ನಿನ್ನ ಉಳಿಸೋಕೆ ನಾನು ಜೀವನದಲ್ಲಿ ಮೊದಲ್ನೇ ಸಲ ಸುಳ್ಳು ಹೇಳ್ದೆ. ನೀನು ಹಿಂಗಾ? ನಾಳೆಯಿಂದ ಅಲ್ಲೇ ಹೋಗಪ್ಪ!"

ಹೀಗೆ, ಹತ್ತು ದಿನ ಊರೆಲ್ಲ ಹೋಗಿದೆ ಎಂದ ಕೆಲಸ ಹನ್ನೊಂದನೇ ದಿನ ನಿಜವಾಗಿಯೂ ಹೊರಟು ನಿಂತಿತು.

ಕೆಂಪರಾಜ್ ಕೈಯಲ್ಲಿದ್ದ ಬಟ್ಟನ್ನು ಎದೆಗೆ ಅವುಚಿಕೊಂಡು ಹೊರಗೆ ಬಂದ. ಮುನಿವೆಂಕಟಪ್ಪನವರ ಬಾಯಿ ತೆರೆದೇ ಇತ್ತು.

"ನೀನಿಲ್ಲಿ ಏನ್ ಮಾಡ್ತಿದೀಯಲಾ?"

"ಕೆಲಸ ಮಾವ."

"ಮತ್ತೆ ರಾತ್ರಿ ತನಕ ಎಲ್ಲಿಗೆ ವೋಯ್ತೀಯಾ?"

"ಕೆ.ಆರ್.ಪುರಕ್ಕೆ."

"ಅಲ್ಲೇನೈತೆ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

"ಏನಿಲ್ಲ. ಇಳೀತೀನಿ. ಕಡಲೆಕಾಯಿ ತಿಂತೀನಿ. ವಾಪಸ್ ಬರ್ತೀನಿ."

ಮುನಿವೆಂಕಟಪ್ಪನವರು ಪಾಷಾ ಅವರ ಮುಖ ನೋಡಿದರು.

"ಯಾಕೆ?" ಎಂದರು ಪಾಷಾ, ಕಾಯಿಲೆಯವನನ್ನು ಕೇಳುವ ಮೃದು ದನಿಯಲ್ಲಿ.

"ಬೆಳಕಿರುವಾಗ್ಲೇ ಮನೆಗೆ ಹೋದ್ರೆ ಕೆಲಸ ಇಲ್ದೋನು ಅಂತಾರೆ ಸಾಬ್. ಮಾವ ಟೆಂಪೋ ತರ್ತಾರೆ. ಆ ಮನೆ ಬಿಡಿಸ್ಬಿಡ್ತಾರೆ."

ಪಾಷಾ ಸಾಹೇಬರು ಕುರ್ಚಿಯಲ್ಲಿ ಕುಸಿದು, ಒಂದಿಡೀ ಮೈಸೂರುಪಾಕನ್ನು ಬಾಯಿಗೆ ಹಾಕಿಕೊಂಡು, ಅದು ಕರಗುವವರೆಗೂ ಯೋಚಿಸಿದರು. "ನಾನು ನಲವತ್ತು ವರ್ಷದಿಂದ ಬೆಳಕಿರುವಾಗ್ಲೇ ಮನೆಗೆ ಹೋಗ್ತಿದೀನಲ್ಲ. ನಮ್ಮ ಮೊಹಲ್ಲಾದಲ್ಲಿ ನನ್ನ ಬಗ್ಗೆ ಏನ್ ಮಾತಾಡ್ತಿರಬಹುದು?"

"ಅದಿರ್ಲಿ ಸಾಹೇಬ್ರೆ," ಎಂದರು ಮುನಿವೆಂಕಟಪ್ಪ, ದನಿ ತಗ್ಗಿಸಿ. ಬಯ್ಯಲು ಬಂದವರು ಈಗ ಶಲ್ಯ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡಿದ್ದರು. "ನಮ್ಮ ಹುಡುಗಂಗೆ ಈಗ ಇಲ್ಲಿ ಕೆಲಸ ಐತೋ, ಇಲ್ವೋ?"

ಕೆಂಪರಾಜ್ ಬಟ್ಟನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡ.

"ಕೆ.ಆರ್.ಪುರಕ್ಕೆ ಹೋಗಲ್ಲ ಅಂದ್ರೆ ಐತೆ" ಎಂದರು ಪಾಷಾ.

ಐದಕ್ಕೆ ಬಾಗಿಲು ಬಿತ್ತು. ಮುನಿವೆಂಕಟಪ್ಪನವರು ಕಾರನ್ನು ಅಲ್ಲೇ ಬಿಟ್ಟು, "ನೀನು ದಿನಾ ಬರೋ ದಾರೀಲೇ ನಡಿ" ಎಂದು ಅಳಿಯನ ಹಿಂದೆ ನಡೆದರು. ಒಂದು ತಿರುವು, ಇನ್ನೊಂದು ತಿರುವು, ಕೆರೆಯ ಗಾಳಿ, ಅಷ್ಟರಲ್ಲೇ ಗೇಟು. ಅವರು ಗಡಿಯಾರ ನೋಡಿಕೊಂಡು, ಅದನ್ನು ಕಿವಿಗಿಟ್ಟು ಆಲಿಸಿದರು. ನಡೆಯುತ್ತಿತ್ತು.

"ಇಷ್ಟೇನಾ?"

"ಇಷ್ಟೇ ಮಾವ."

ಮೆಟ್ಟಿಲ ಮೇಲೆ ಮಂಜುಳಮ್ಮ ಎದೆ ಹಿಡಿದುಕೊಂಡು ಎದ್ದರು. "ಅಯ್ಯೋ ಸಾರ್! ಮತ್ತೆ ಹೋಯ್ತಾ?"

"ವೋಗಿಲ್ಲ ಕಣಮ್ಮಾ!" ಎಂದು ಮುನಿವೆಂಕಟಪ್ಪನವರು ಓಣಿಗೆಲ್ಲ ಕೇಳುವಂತೆ ಕೂಗಿದರು. "ಮೊದ್ಲಿಂದ್ಲೂ ವೋಗಿಲ್ಲ! ನಾನು ಕಣ್ಣಾರೆ ನೋಡ್ಕೊಂಡ್ ಬಂದೆ. ಆಫೀಸೇ ಇಲ್ಲೈತೆ! ಇವನು ಕೆಲಸ ಇರೋನೇ, ಆದ್ರೂ ಬೆಳಕಿಗೆ ಮನೆಗೆ ಬತ್ತಾನೆ!"

ಚಿನ್ನಪ್ಪ ಒಳಗಿನಿಂದ ಬಂದು, ಕೆಂಪರಾಜನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ಬಾಡಿಗೆ ಸಂಕ್ರಾಂತಿ ತನಕ ಕಾಯೋದು ಬೇಡ ಅಲ್ವಾ ಸಾರ್?" ಎಂದರು.

ತಾರಸಿಯಲ್ಲಿ ಸುಕನ್ಯ ಮೂರು ಲೋಟ ಕಾಫಿ ತಂದಳು. ಮುನಿವೆಂಕಟಪ್ಪನವರು ಕುರ್ಚಿಯ ತುದಿಯಲ್ಲಿ ಕೂತು ಕುಡಿದು ಮುಗಿಸಿ, ಲೋಟ ಕೆಳಗಿಟ್ಟು ಕೇಳಿದರು:

"ಈಗ ಏನ್ ಮಾಡ್ತೀರಿ?"

"ಏನಿಲ್ಲಪ್ಪ. ಕೂತ್ಕೋತೀವಿ."

"ಸುಮ್ನೆ?"

"ಸುಮ್ನೆ."

ಅವರಿಗೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಒಮ್ಮೆ ಎದ್ದು ಗೋಡೆಯ ಎತ್ತರ ನೋಡಿದರು. ನೀರಿನ ಟ್ಯಾಂಕನ್ನು ತಟ್ಟಿದರು. ಕೆಂಪರಾಜ್ ಪಾಷಾ ಸಾಹೇಬರು ಮೈಸೂರುಪಾಕು ತಿಂದ ಬಗೆಯನ್ನು ಅಭಿನಯಿಸಿ ತೋರಿಸುತ್ತಿದ್ದ. ಸುಕನ್ಯ ಸೆರಗು ಬಾಯಿಗಿಟ್ಟುಕೊಂಡು ಬಿದ್ದು ಬಿದ್ದು ನಗುತ್ತಿದ್ದಳು. ಮುನಿವೆಂಕಟಪ್ಪನವರು ಸ್ವಲ್ಪ ಹೊತ್ತು ಮಗಳನ್ನೇ ನೋಡಿದರು. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಪೂರ್ತಿಯಾಗಿ ಕೂತು, ಫೋನ್ ತೆಗೆದು ಟೆಂಪೋದವನಿಗೆ, "ಭಾನುವಾರ ಬ್ಯಾಡ ಕಣ್ಲಾ" ಎಂದರು. "ಸುಕನ್ಯಾ, ಇನ್ನೊಂದು ಲೋಟ ಕಾಫಿ ಐತಾ?"

ಕತ್ತಲಾದ ಮೇಲೆ ಅವರು ಹೊರಡಲು ಎದ್ದಾಗ ಕೆಂಪರಾಜನಿಗೆ ಅಡುಗೆಮನೆಯ ಮೂಲೆ ನೆನಪಾಯಿತು.

"ಮಾವ, ರಾಗಿ ಮೂಟೆ ಬಿಚ್ಚೇ ಇಲ್ಲ. ಕಾರಿನಲ್ಲಿ ಹಾಕಿಸ್ತೀನಿ, ತಗೊಂಡ್ ಹೋಗಿ."

"ಕೊಟ್ಟಿದ್ದು ವಾಪಸ್ ಹೊರೋ ಪದ್ಧತಿ ನಮ್ಮ ಮನೇಲಿಲ್ಲ."

"ಮತ್ತೆ ಮುಯ್ಯಿ ತೀರಿಸೋದು ಹೆಂಗೆ? ನಿಮಗೆ ಕಳ್ಕೊಳ್ಳೋಕೆ ಕೆಲಸಾನೇ ಇಲ್ಲವಲ್ಲ ಮಾವ."

ಮುನಿವೆಂಕಟಪ್ಪನವರು ಚಪ್ಪಲಿ ಮೆಟ್ಟುತ್ತ ಯೋಚಿಸಿದರು. "ಹಂಗಾದ್ರೆ ಒಂದ್ ಕೆಲಸ ಮಾಡು. ಮುಂದೆ ಯಾವತ್ತಾದ್ರೂ ನಿಂದು ನಿಜವಾಗ್ಲೂ ವೋಯ್ತದಲ್ಲ, ಅದರ ಲೆಕ್ಕಕ್ಕೆ ಇದನ್ನ ಹಿಡ್ಕೊ. ಆವಾಗ ನಾನು ಬರಾಕಿಲ್ಲ. ಚುಕ್ತಾ."

"ಏನಪ್ಪಾ ಹಂಗಂತೀಯಾ?" ಎಂದಳು ಸುಕನ್ಯ. "ನಿಜವಾಗ್ಲೂ ಹೋದಾಗ ಬರದೇ ಇರ್ತೀಯಾ?"

ಮುನಿವೆಂಕಟಪ್ಪನವರು ಮೆಟ್ಟಿಲಿನ ಮೇಲಿಂದ ರಸ್ತೆಯ ಕಡೆ ನೋಡಿದರು. ಓಣಿಯ ತುದಿಯಲ್ಲಿ ಕೆಂಪು ದೀಪಗಳ ಸಾಲು ಒಂದಿಂಚೂ ಕದಲದೆ ನಿಂತಿತ್ತು.

"ಈ ಟ್ರಾಫಿಕ್ಕಲ್ಲಿ ಒಂದೇ ಕೆಲಸಕ್ಕೆ ಎರಡೆರಡು ಸಲ ಯಾವನವ್ವ ಬತ್ತಾನೆ?"